ಮೂಲೆಗಿಟ್ಟ ಕರ್ಲ್ಯೂ ಮರಿ

ಗುರುವಾರ, ಮಾರ್ಚ್ ೧೨

ಪ್ರೀತಿಯ ಚೂಟಿ,

ಹೇಗಿದ್ದೀಯಾ? ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಿಂಗಳು ಹಿಡಿಯಿತು, ಬೈಯಬೇಡ. ಮ್ಯೂಸಿಯಂನಲ್ಲಿ ತಲೆ ಚಿಟ್ಟು ಹಿಡಿದುಹೋಗಿದೆ.

ಹೊಸ ಕ್ಯುರೇಟರ್‌ಗೆ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಮರಿ ಸಾಕುವ ಎರಡು ರೀತಿಗಳ ಹೋಲಿಕೆ ಬೇಕಂತೆ: ಈ ಕಡೆ ಮರದ ಮೇಲೆ ಆಸ್ಟ್ರೇಲಿಯಾದ ಕೋಲಾ ಪ್ರಾಣಿ, ಆ ಕಡೆ ಕೆಸರಲ್ಲಿ ನಡೆಯುವ ಕರ್ಲ್ಯೂ ಹಕ್ಕಿ. ಕೋಲಾ ಮರಿ ಆರು ತಿಂಗಳು ಅಮ್ಮನ ಹೊಟ್ಟೆಚೀಲದಲ್ಲಿ, ಆಮೇಲೂ ತಿಂಗಳುಗಟ್ಟಲೆ ಬೆನ್ನ ಮೇಲೆ. ಕರ್ಲ್ಯೂ ಮರಿಯೋ, ಮೊಟ್ಟೆಯೊಡೆದ ದಿನವೇ ಎದ್ದು ತನ್ನ ಹುಳ ತಾನೇ ಹುಡುಕಿಕೊಳ್ಳುತ್ತೆ. ಆ ಹಕ್ಕಿಯ ಸಂತತಿಯೇ ಅಳಿಯುತ್ತಿದೆ. ಆದರೂ ಬಣ್ಣ ಬಳಿಯುವವರು, ದೀಪ ಹಾಕುವವರು ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ಕೋಲಾ ಜೊತೆ.

ಉಗ್ರಾಣದಲ್ಲಿದ್ದ ಹಳೆಯ ಕರ್ಲ್ಯೂ ಚರ್ಮಕ್ಕೆ ಹತ್ತಿ ತುಂಬಿ, ಕಾಲಿಗೆ ತಂತಿ ಕೊಟ್ಟು ಹಕ್ಕಿಯನ್ನು ನಿಲ್ಲಿಸಿದೆ. ಮರಿಯನ್ನು ಅದರ ರೆಕ್ಕೆಯ ಕೆಳಗೆ ಕೂರಿಸಿದೆ. ಕ್ಯುರೇಟರ್ ಬಂದವರೇ, "ಇದೇನ್ರೀ, ಮರಿ ತಾನೇ ತಿನ್ನುತ್ತೆ ಅಂತ ಫಲಕದಲ್ಲಿ ಬರ್ದಿದೆ. ಅಮ್ಮನ ಹತ್ರ ಯಾಕಿಟ್ರಿ? ದೂರ ಇಡಿ" ಅಂದರು.

"ತಿನ್ನೋದು ತಾನೇ ಸರ್. ಚಳಿಗೆ ಅಮ್ಮನೇ ಬೇಕು" ಅಂದೆ.

"ಹಾಗಾದ್ರೆ ಎರಡಕ್ಕೂ ವ್ಯತ್ಯಾಸ ಎಲ್ಲಿ ಉಳೀತು?" ಅಂದುಬಿಟ್ಟರು. ಮರಿಯನ್ನು ತಾವೇ ಮೂಲೆಗೆ ಅಂಟಿಸಿದರು. ನಾನು ಬೆಳಗ್ಗೆ ಕಿತ್ತು ರೆಕ್ಕೆಯ ಕೆಳಗಿಟ್ಟೆ. ಮಧ್ಯಾಹ್ನ ಮತ್ತೆ ಮೂಲೆಗೆ. ಮೂರು ಸಲ ಹೀಗಾಗಿ ಮರಿಯ ಒಂದು ಕಾಲೇ ಮುರಿಯಿತು. ಇಪ್ಪತ್ತಾರು ವರ್ಷ ಇದೇ ಕೆಲಸ ಮಾಡಿದವಳ ಮಾತಿಗೆ ಕವಡೆ ಕಿಮ್ಮತ್ತಿಲ್ಲ. ಕೋಪ ನೆತ್ತಿಗೇರಿ, ಇಕ್ಕಳ ಮೇಜಿನ ಮೇಲೆ ಎಸೆದು ಮನೆಗೆ ಬಂದೆ.

"ಸತ್ತ ಹಕ್ಕಿಗೆ ಎಂಥಾ ಚಳಿ ಅಮ್ಮಾ?" ಅಂತ ನಿನ್ನ ತಮ್ಮ ನಗುತ್ತಾನೆ. ಹುಷಾರಿಲ್ಲದ ಕೂಸು ಅಂತ ಐದು ವರ್ಷ ನನ್ನ ಸೊಂಟದಿಂದ ಇಳಿಯದವನು. ಅವನಿಗೇನು ಗೊತ್ತು!

ನಿನ್ನ ಆಯಸ್ಸು, ಆರೋಗ್ಯ ಗಟ್ಟಿಯಾಗಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ

ಇನ್ನೊಂದು ಮಾತು. ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನಿನಗೆ ಆಪರೇಷನ್ ಆದ ವಿಷಯ ನಿನ್ನ ತಮ್ಮ ಮೊನ್ನೆ ಬಾಯಿಬಿಟ್ಟ. ಆಸ್ಪತ್ರೆಗೆ ಒಬ್ಬಳೇ ಹೋಗಿ ಒಪ್ಪಿಗೆ ಪತ್ರಕ್ಕೆ ಸಹಿಯೂ ನೀನೇ ಹಾಕಿದೆಯಂತೆ. "ಅಮ್ಮಂಗೆ ಹೇಳ್ಬೇಡ, ನಾನು ನೋಡ್ಕೋತೀನಿ" ಅಂದೆಯಂತೆ. ಆ ಮಾತು ಕಲಿಸಿದವಳು ನಾನೇ. ಅವನನ್ನು ಎತ್ತಿಕೊಂಡು ಆಸ್ಪತ್ರೆ ಸುತ್ತುತ್ತಿದ್ದಾಗ, ಏಳು ವರ್ಷದ ನೀನು ಜ್ವರದಲ್ಲಿ ಮಲಗಿದ್ದರೂ, "ಇವಳು ಚೂಟಿ, ಎಲ್ಲಾ ತಾನೇ ನೋಡ್ಕೋತಾಳೆ" ಅಂತ ಬಂದವರ ಮುಂದೆ ಹೇಳುತ್ತಿದ್ದೆ. ಹೊಗಳಿ ಹೊಗಳಿಯೇ ನಿನ್ನನ್ನು ಮೂಲೆಗಿಟ್ಟೆ. ಭಾನುವಾರ ಬರುತ್ತಿದ್ದೇನೆ. ಬೇಡ ಅನ್ನಬೇಡ ಮಗಳೇ.