ಮಗನನ್ನು ಯಾರು ಬರೆಸಿಕೊಂಡರು

ಟೊಲೀಡೊ, ಭಾನುವಾರ

ಮಗಾ ಡ್ವೇನ್,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನನ್ನ ತಲೆಯೆಲ್ಲ ಗೋಜಲಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಟ್ಯಾಕ್ಸ್ ಸ್ವಲ್ಪ ಕಡಿಮೆಯಾಗಲಿ ಅಂತ ಪ್ರತಿ ವರ್ಷದ ಹಾಗೆ ನನ್ನ ಕಾಗದದಲ್ಲಿ, ಓದುತ್ತಿರುವ ಮಗ, ನಾನೇ ಸಾಕುತ್ತಿದ್ದೇನೆ ಅಂತ ನಿನ್ನ ಹೆಸರು ಬರೆಸಿದೆ. ಆ ಕಾಗದ ಟ್ಯಾಕ್ಸ್ ಆಫೀಸಿನಿಂದ ವಾಪಸ್ ಬಂತು. ಕಾಗದ ತುಂಬಿಕೊಡುವ ಡಾರ್ಲಾ, "ಅವನನ್ನ ಆಗಲೇ ಯಾರೋ ಬರೆಸಿಕೊಂಡಿದಾರೆ ಕಣೇ. ಅವನೇ ಇರಬೇಕು. ಓದೋ ಹುಡುಗರು ಕಂಪ್ಯೂಟರಲ್ಲಿ ತಮ್ಮ ಟ್ಯಾಕ್ಸ್ ಕಾಗದ ತುಂಬೋವಾಗ ಅವಸರದಲ್ಲಿ 'ನನ್ನನ್ನ ಯಾರೂ ಸಾಕ್ತಿಲ್ಲ' ಅನ್ನೋ ಕಡೆ ಒತ್ತಿಬಿಡ್ತಾರೆ" ಅಂದಳು.

"ಅವನ ಕಾಲುಚೀಲ ಈಗಲೂ ನಾನೇ ಒಗೀತೀನಿ" ಅಂದೆ. ಅವಳು ನಕ್ಕಳು. ಈ ಸಲ ಕ್ರಿಸ್‌ಮಸ್‌ಗೆ ನೀನು ಒಗೆಯೋ ಬಟ್ಟೆ ತರಲೇ ಇಲ್ಲ ಅಂತ ನಾನು ಹೇಳಲಿಲ್ಲ.

ನಿನಗೆ ಆ ಟೈರ್ ಅಂಗಡಿ ಕೆಲಸದ ಸಂಬಳ ಬರುತ್ತಿದ್ದರೆ ನಾನು ನಿನ್ನ ಹೆಸರು ಬರೆಸಬಾರದಾ ಅಂತ ಕೇಳಿದೆ. "ಎಷ್ಟಾದರೂ ದುಡೀಲಿ. ಅವನ ಖರ್ಚಲ್ಲಿ ಅರ್ಧಕ್ಕಿಂತ ಹೆಚ್ಚು ಅವನೇ ಹಾಕ್ತಿರಬಾರದು ಅಷ್ಟೇ" ಅಂದಳು. ನೀನು ಏನು ತಿನ್ನುತ್ತೀಯೋ, ಬಾಡಿಗೆ ಯಾರು ಕೊಡುತ್ತಾರೋ ನನಗೆ ಗೊತ್ತಿಲ್ಲ. ಅರ್ಧ ಯಾವುದು ಅಂತ ಹೇಗೆ ಹೇಳಲಿ?

ಅವಸರದಲ್ಲಿ ಒತ್ತಿದ್ದರೆ ತಿದ್ದಿ ಕಳಿಸು. ತಿಳಿದೇ ಒತ್ತಿದ್ದರೆ ಹಾಗೇ ಇರಲಿ. ಆದರೆ ಒಂದು ಫೋನು ಮಾಡಿ ನೀನೇ ಹೇಳು. ನಾನು ಬೈಯುವುದಿಲ್ಲ.

ನಿನ್ನ ಅಮ್ಮ,
ವಿಲ್ಮಾ