ಹದಿನೈದನೇ ಮಹಡಿಯ ಕೆಂಪು ಅಂಗಿ

ಅರ್ಪಿತಳ ಅಪ್ಪನಿಗೆ,

ಮನೆ ಬಿಟ್ಟುಹೋದ ನೀವು ಈಗ ಎಲ್ಲಿದ್ದೀರೋ, ಈ ಕಾಗದ ಕಳಿಸಲು ವಿಳಾಸವೂ ಇಲ್ಲ. ಆದರೂ ಬರೆಯುತ್ತಿದ್ದೇನೆ.

ಗುತ್ತಲಿನ ನಮ್ಮ ಬೀದಿಯ ಗಾರೆ ಮೇಸ್ತ್ರಿ ಮುಕರ್ರಂ ಜೊತೆ ಇವತ್ತು ಬೆಂಗಳೂರಿಗೆ ಕೂಲಿ ಕೆಲಸ ಕೇಳಲು ಹೋಗಿದ್ದೆ. ಕತ್ತೆತ್ತಿದ ಕಡೆಯೆಲ್ಲ ಏಳುತ್ತಿರುವ ಕಟ್ಟಡಗಳು, ಅವುಗಳ ತಲೆಯ ಮೇಲೆ ಕ್ರೇನುಗಳು. ಅವನು ಕಟ್ಟುತ್ತಿರುವ ಕಟ್ಟಡದ ಹದಿನೈದನೇ ಮಹಡಿಯ ಅಂಚಿನಲ್ಲಿ ನೀವು ನಿಂತಿದ್ದಿರಿ. ಅದೇ ಕೆಂಪು ಅಂಗಿ, ಅದೇ ಸೊಟ್ಟ ಭುಜ. ಗಾಳಿ ಬೀಸಿತು, ನೀವು ಮುಂದಕ್ಕೆ ವಾಲಿದಿರಿ.

"ನಿಂಗರಾಜೂ! ಬೀಳ್ತೀಯ ಕಣೋ, ಹಿಂದಕ್ ಓಗೋ!"

ನನ್ನ ಕೂಗಿಗೆ ಎಲ್ಲರ ಕೆಲಸ ನಿಂತಿತು. ಮುಕರ್ರಂ ಓಡಿ ಬಂದ.

"ಅಕ್ಕಾ, ಅದು ಬೆರ್ಚಪ್ಪ ಕಣಕ್ಕಾ. ಬಿಲ್ಡಿಂಗಿಗೆ ದೃಷ್ಟಿ ಆಗ್ದಿರ್ಲಿ ಅಂತ ಉಲ್ಲು ತುಂಬಿ ನಿಲ್ಸಿದೀವಿ. ಅಂಗಿ ನೀನೇ ಕೊಟ್ಟಿದ್ದಲ್ವಾ, ಕಣ್ಮುಂದೆ ಇರ್ಬಾರ್ದು ತಗೊಂಡೋಗು ಅಂತ?"

ಕೊಟ್ಟಿದ್ದೆ.

ಮದುವೆಯಾದಾಗಿನಿಂದ ಒಮ್ಮೆಯೂ ನಿಮ್ಮ ಹೆಸರು ಹಿಡಿದು ಕರೆಯದ ಬಾಯಿ ಇದು. ಇವತ್ತು ಇಡೀ ಬೆಂಗಳೂರಿಗೆ ಕೇಳುವಂತೆ ಕೂಗಿಬಿಟ್ಟಿತು.

"ಯಾರಮ್ಮ ನಿಂಗರಾಜು?" ಎಂದಳು ಇಟ್ಟಿಗೆ ಹೊರುತ್ತಿದ್ದ ಹೆಂಗಸು.

"ನಮ್ಮನೆಯೋರು" ಎಂದೆ.