ಹೆಸರಿಲ್ಲದ ನಾಲ್ಕನೆಯ ಕೇಕ್

ಎಂಟೆಬೆ
ಬುಧವಾರ, ಜುಲೈ ೧೨

ಪ್ರೀತಿಯ ಪರ್ಪೆತುವಾ,

ನಿನ್ನ ಹೆಸರಿನ ಹಿಂದೆ ‘ಸಿಸ್ಟರ್’ ಎಂದು ಸೇರಿಸಬೇಕು, ಗೊತ್ತು. ಆದರೆ ಹಾಸ್ಟೆಲಿನ ಬೇಲಿ ಹಾರಿ ನನ್ನೊಡನೆ ಮಾವಿನಕಾಯಿ ಕದ್ದವಳನ್ನು ಹಾಗೆ ಕರೆಯಲು ಈ ಪೆನ್ನು ಒಪ್ಪುವುದಿಲ್ಲ. ಕ್ಷೇಮವಾಗಿದ್ದೀಯಾ? ಮೊಣಕಾಲಿನ ನೋವು ಕಡಿಮೆಯಾಯಿತೇ, ಅಥವಾ ಪ್ರಾರ್ಥನೆಗೆ ಇನ್ನೂ ಕುರ್ಚಿಯ ಮೇಲೆಯೇ ಕೂರುತ್ತೀಯಾ? ನಿನ್ನ ಕಾಗದಗಳು ಬಂದು ಎಷ್ಟೋ ಕಾಲವಾಯಿತು, ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ತಪ್ಪಾಯಿತು. ಕಾರಣ ಸೋಮಾರಿತನವಲ್ಲ, ಸಕ್ಕರೆ. ಫೋನ್ ಮಾಡಬಹುದಿತ್ತು, ಆದರೆ ನಿಮ್ಮ ಕಾನ್ವೆಂಟಿನ ಫೋನ್ ಇರುವುದು ಮದರ್ ಅವರ ಮೇಜಿನ ಮೇಲೆ, ಮದರ್ ಅವರ ಕಿವಿ ಇರುವುದು ಫೋನಿನ ಮೇಲೆ. ನಾನು ಹೇಳಬೇಕಾದದ್ದು ನಿನ್ನೊಬ್ಬಳಿಗೆ. ಅದಕ್ಕೇ ದ್ವೀಪಕ್ಕೆ ಹೋಗುವ ಶುಕ್ರವಾರದ ದೋಣಿಗೆ ಈ ಕಾಗದ.

ಶನಿವಾರ ನನ್ನ ಮೈದುನ ಲುಬೇಗನ ಮದುವೆ. ಕೇಕ್ ನನ್ನದೇ. ಮನೆಯಲ್ಲೇ ಕೇಕ್ ಮಾಡಿ ಮಾರುವವಳ ಮನೆಯಲ್ಲಿ ಮದುವೆಯಾದರೆ ಏನಾಗುತ್ತದೆ ಗೊತ್ತೇ? ಹೊರಗಿನ ಗಿರಾಕಿ ಒಮ್ಮೆ ಹೇಳಿ ಹೋದರೆ ಕೇಕ್ ಒಯ್ಯುವ ದಿನವೇ ಮುಖ ತೋರಿಸುವುದು. ಮನೆಯವರು ಹಾಗಲ್ಲ, ಹಿಟ್ಟು ಕಲಸುವಾಗ ಒಂದು ಹೇಳುತ್ತಾರೆ, ಒಲೆಗಿಟ್ಟ ಮೇಲೆ ಇನ್ನೊಂದು. ನನ್ನ ನಾದಿನಿ ನಕಬುಗೊ ಈ ಮದುವೆಯ ಯಜಮಾನಿಕೆ ಹೊತ್ತವಳು. ಬಂತೆಂದರೆ ಅವಳ ಕರೆ, ನನ್ನ ತಲೆಗೆ ಹಿಟ್ಟಿನ ಹೊರೆ.

ಮೊದಲು ಬಿಳಿ ಕೇಕ್ ಎಂದಳು. ನೆಲಗಡಲೆಯಷ್ಟು ದೊಡ್ಡ ಸಕ್ಕರೆಯ ಗುಲಾಬಿ ಹೂಗಳನ್ನು ಕೂತು ಕೂತು ಮಾಡಿಟ್ಟೆ. ಆಮೇಲೆ ಕರೆ: “ಅತ್ತಿಗೆ, ಹುಡುಗಿ ಕಡೆಯೋರು ನೇರಳೆ ಬಣ್ಣದ ಗೋಮೆಸಿ ಹೊಲಿಸಿದ್ದಾರಂತೆ. ಕೇಕೂ ನೇರಳೆ ಮಾಡ್ಬಿಡಿ.”

“ಮಾಡಿಟ್ಟ ಬಿಳಿ ಹೂವು ಏನು ಮಾಡ್ಲಿ?”

“ನಿಮಗೆ ಗೊತ್ತಿಲ್ದೆ ಇರುತ್ತಾ? ನಿಮ್ಮ ಕೈ ಚಿನ್ನ!”

ನನ್ನ ಕೈ ಚಿನ್ನ ಎಂದು ಯಾರಾದರೂ ಅಂದರೆ ನಾನು ಮೊದಲು ಬಾಗಿಲು ಹಾಕಿಕೊಳ್ಳಬೇಕು, ಪರ್ಪೆತುವಾ. ಹೂವಿಗೆ ನೇರಳೆ ಬಳಿದೆ. ಈಗ ಅವು ಜ್ವರ ಬಂದ ಬದನೆಕಾಯಿಗಳ ಹಾಗಿವೆ.

ನಮ್ಮ ಮನೆತನದ ಪದ್ಧತಿ ನಿನಗೆ ನೆನಪಿದೆಯಲ್ಲ, ನನ್ನ ಮದುವೆಯಲ್ಲಿ ನೀನೇ ನೋಡಿದ್ದೆ. ನಡುವೆ ಒಂದು ದೊಡ್ಡ ಕೇಕ್, ಅದು ಕತ್ತರಿಸಿ ಎಲ್ಲರಿಗೂ ಹಂಚಲು. ಸುತ್ತ ಪುಟ್ಟ ಕೇಕುಗಳು, ಗಂಡಿನ ಕಡೆಯ ಒಂದೊಂದು ಮನೆಗೆ ಒಂದೊಂದು. ಮನೆಯ ಹೆಸರು ಕೂಗುತ್ತಾರೆ, ಆ ಮನೆಯ ಹೆಂಗಸು ಎದ್ದು ಬರುತ್ತಾಳೆ, ಹೊಸ ಸೊಸೆ ಮಂಡಿಯೂರಿ ಅವಳ ಕೈಗೆ ಕೇಕ್ ಕೊಡುತ್ತಾಳೆ. ಕೇಕ್ ಪಡೆದವಳು ಆ ಮನೆಯವಳು ಎಂದು ಇಡೀ ಕುಲ ಕಣ್ಣಾರೆ ಕಂಡು ಒಪ್ಪಿದ ಹಾಗೆ. ಚರ್ಚಿನ ಪುಸ್ತಕದಲ್ಲಿ ಏನಾದರೂ ಬರೆದಿರಲಿ, ನಮ್ಮ ಜನಕ್ಕೆ ಅದಕ್ಕಿಂತ ಇದು ದೊಡ್ಡದು.

ನಮ್ಮಲ್ಲಿ ಮೂರು ಮನೆ. ಅತ್ತೆಯದು, ದೊಡ್ಡ ಭಾವ ಕಯೆಂಬ ಅವರದು, ನಮ್ಮದು. ಯಾವಾಗಲೂ ಹೆಂಗಸರ ಹೆಸರನ್ನೇ ಬರೆಯುವುದು. ನಮ್ಮ ಕೇಕಿನ ಮೇಲೆ ‘ಕಿಸಾಕ್ಯೆಯ ಅಮ್ಮನ ಮನೆ’ ಎಂದಿರಬೇಕು. ಮಗಳು ಹುಟ್ಟಿದಂದಿನಿಂದ ನನಗೆ ಅದೇ ಹೆಸರು, ರೆಸ್ಟಿ ಎಂದು ಕರೆಯುವವಳು ನೀನೊಬ್ಬಳೇ. ನಿನ್ನೆ ಅದೂ ಬದಲಾಯಿತು. “ಅತ್ತಿಗೆ, ಈ ಸಲ ಗಂಡಸರ ಹೆಸರೇ ಬರೀರಿ. ಮನೆ ಕಟ್ಟಿದ್ದು ನಾವು, ಹೆಸರು ಮಾತ್ರ ಇವರದಾ ಅಂತ ಅಣ್ಣಂದಿರು ಮುನಿಸ್ಕೊಂಡಿದ್ದಾರೆ” ಎಂದಳು. ನಾನು ನಕ್ಕೆ. ಬರೆಯುವುದು ಕಡಿಮೆಯಾಗುತ್ತದೆ, ಐಸಿಂಗ್ ಉಳಿಯುತ್ತದೆ. ಅತ್ತೆಯ ಕೇಕಿಗೆ ತೀರಿಹೋದ ಮಾವನ ಹೆಸರು. ಬದುಕಿದ್ದಾಗ ಸಿಹಿ ಮುಟ್ಟದ ಮನುಷ್ಯ. ನಮ್ಮದಕ್ಕೆ ನಮ್ಮವರ ಹೆಸರು, ‘ಸೆಬೋವನ ಮನೆ’. ಮುಗಿಯಿತು.

ಮುಗಿಯಲಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ನಕಬುಗೊ. ಈ ಸಲ ಚಿನ್ನದ ಕೈ ಸುದ್ದಿಯೇ ಇಲ್ಲ, ದನಿ ತಗ್ಗಿತ್ತು. “ಅತ್ತಿಗೆ, ಪುಟ್ಟ ಕೇಕು ಮೂರಲ್ಲ, ನಾಲ್ಕು ಮಾಡಿ.”

“ನಾಲ್ಕನೇದು ಯಾರ ಮನೆಗಮ್ಮ?”

“ಅಮ್ಮ ಹೇಳಿದ್ದು.”

“ಹೆಸರೇನು ಬರೀಲಿ?”

“ಹೆಸರು ಬೇಡ. ಖಾಲಿ ಬಿಡಿ.” ಅಷ್ಟೇ, ಫೋನ್ ಇಟ್ಟಳು. ಹರಟೆ ಹೊಡೆಯದೆ ಫೋನ್ ಇಡುವವಳೇ ಅಲ್ಲ ಅವಳು.

ಆಗಿನಿಂದ ನನ್ನ ತಲೆಯಲ್ಲಿ ಒಂದೇ ಪಲ್ಲವಿ: ಮೂರು ಮನೆಗೆ ಮೂರು, ನಾಲ್ಕನೆಯವರು ಯಾರು? ಕಯೆಂಬ ಭಾವನ ಎರಡನೆಯ ಸಂಸಾರ ಎನ್ನೋಣವೆಂದರೆ ಆ ಮನುಷ್ಯನಿಗೆ ಒಬ್ಬ ಹೆಂಡತಿಯನ್ನೇ ಮಾತಾಡಿಸಲು ಪುರುಸೊತ್ತಿಲ್ಲ. ಅತ್ತೆಗೆ ಎರಡು ಮನೆ ಇರಲು ಸಾಧ್ಯವಿಲ್ಲ. ಉಳಿದದ್ದು ಯಾರು? ನಮ್ಮವರು. ಕಾಫಿ ಖರೀದಿಗೆಂದು ವಾರದಲ್ಲಿ ಮೂರ್ನಾಲ್ಕು ದಿನ ಮಸಾಕದ ಕಡೆ ಇರುತ್ತಾರೆ. ಇಷ್ಟು ವರ್ಷ ಅದರಲ್ಲಿ ನನಗೆ ಕಾಫಿ ಬಿಟ್ಟು ಇನ್ನೇನೂ ಕಂಡಿರಲಿಲ್ಲ.

ತಡೆಯಲಾರದೆ ಅತ್ತೆಗೇ ಫೋನ್ ಮಾಡಿದೆ. “ನಾಲ್ಕನೇ ಕೇಕು ಯಾರಿಗೆ ಅತ್ತೆ?” ಎಂದೆ. ಅವರು ಮೊದಲು ಹಿಂದೆ ಅರಚುತ್ತಿದ್ದ ಯಾವುದೋ ಮೇಕೆಯನ್ನು ಗದರಿದರು. ಆಮೇಲೆ, “ಚೆನ್ನಾಗಿ ಮಾಡು ಮಗಳೇ. ನಿನ್ನ ಸ್ವಂತಕ್ಕೆ ಅಂತ ಹೇಗೆ ಮಾಡ್ಕೋತೀಯೋ ಹಾಗೇ ಮಾಡು” ಎಂದರು. ಸವತಿಗೂ ನನ್ನಷ್ಟೇ ಮರ್ಯಾದೆ ಸಲ್ಲಬೇಕು ಎಂದಲ್ಲವೇ ಇದರ ಅರ್ಥ? ಬೇರೆ ಅರ್ಥವಿದ್ದರೆ ಹೇಳು. ನೀನು ಲ್ಯಾಟಿನ್ ಕಲಿತವಳು.

ನಮ್ಮವರನ್ನೇ ಕೇಳಬಹುದಲ್ಲ ಎನ್ನುತ್ತೀಯೆ. ಊಟಕ್ಕೆ ಕೂತಾಗ ಕೇಳಿದೆ, ತಮಾಷೆಯ ಹಾಗೆ. “ನಾಲ್ಕು ಕೇಕಂತೆ. ಲೆಕ್ಕ ತಪ್ಪಿದ್ದು ನಿಮ್ಮಮ್ಮನಿಗೋ, ನಿಮಗೋ?” ಅವರು ತಟ್ಟೆಯಲ್ಲಿದ್ದ ಮಟೋಕೆಯನ್ನು, ಆ ಬಾಳೆಕಾಯಿ ಮುದ್ದೆಯನ್ನು, ಬೆರಳಿನಿಂದ ಒತ್ತುತ್ತ ಕೂತರು. “ಅದೆಲ್ಲ ಹೆಂಗಸರ ವಿಷಯ. ನನ್ನನ್ಯಾಕೆ ಕೇಳ್ತೀಯ?” ಎಂದರು. ಕೇಕಿನ ಮೇಲ್ಭಾಗ ಸಮ ಮಾಡಲು ಕೊಯ್ದ ಚೂರುಗಳನ್ನು ತಟ್ಟೆಯಲ್ಲಿಟ್ಟಿದ್ದೆ. ಮಗಳಿಗೆ ಹಲ್ಲು ಬಂದಂದಿನಿಂದ ಆ ಚೂರುಗಳಿಗಾಗಿ ಅವಳೊಡನೆ ಜಗಳವಾಡುತ್ತಿದ್ದ ಮನುಷ್ಯ ಅವನ್ನು ಮುಟ್ಟದೆ ಎದ್ದು ಕೈ ತೊಳೆದರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ.

ಒಂದು ತಪ್ಪೊಪ್ಪಿಗೆ. ಫಾದರ್‌ಗೆ ಹೇಳಲಾರೆ, ನಿನಗೇ ಹೇಳುತ್ತೇನೆ. ಈಸ್ಟರ್‌ನಿಂದ ವರಗಿ ಸಾರಾಯಿಯಲ್ಲಿ ನೆನೆಸಿಟ್ಟ ಒಣದ್ರಾಕ್ಷಿ, ಅನಾನಸ್ಸು, ಕಿತ್ತಳೆ ಸಿಪ್ಪೆ ಎಲ್ಲವನ್ನೂ ದೊಡ್ಡ ಕೇಕಿಗೂ ಮೊದಲಿನ ಮೂರು ಪುಟ್ಟ ಕೇಕಿಗೂ ಸುರಿದುಬಿಟ್ಟೆ. ಅದರಲ್ಲೂ ನಮ್ಮದಕ್ಕೆ ಜಾಸ್ತಿ. ಕಿಸಾಕ್ಯೆಗೆ ಹಾಸ್ಟೆಲಿಗೆ ಒಯ್ಯಬೇಕಲ್ಲ. ನಾಲ್ಕನೆಯದಕ್ಕೆ ಪಾತ್ರೆಯ ತಳ ಕೆರೆದ ಹಿಟ್ಟು, ಹಣ್ಣಿಲ್ಲ, ಬೆಣ್ಣೆ ಅರೆಬರೆ. ಇದ್ದಿಲ ಒಲೆಯ ಮುಂದೆ ಕೂತು ಬೇಕೆಂದೇ ತಡವಾಗಿ ತೆಗೆದೆ. ತಳ ಸೀದಿತು. ಮೇಲೆ ದಪ್ಪ ಐಸಿಂಗ್ ಬಳಿದೆ, ಹೊರಗಿನಿಂದ ರಾಣಿಯ ಹಾಗಿದೆ. ಯಾವಳು ತಿನ್ನುತ್ತಾಳೋ ತಿನ್ನಲಿ. ನೀನು ದೇವರ ಮನೆಯಲ್ಲೇ ಇದ್ದೀಯ, ಸಮಯ ನೋಡಿ ಅವನಿಗೆ ನನ್ನ ಪರವಾಗಿ ಒಂದು ಮಾತು ಹಾಕು.

ಶನಿವಾರ ನನ್ನನ್ನು ನೆನೆಸಿಕೋ. ದೇವಮಾತೆ ನಿನ್ನ ಮೊಣಕಾಲನ್ನು ಕಾಯಲಿ.

ನಿನ್ನ
ರೆಸ್ಟಿ

ತಾ.ಕ.: ಹುಚ್ಚಿ, ಬರೀ ಕೇಕಿಗೆ ಹೀಗೆ ಹೆದರುತ್ತಾಳೆ ಎಂದುಕೊಳ್ಳಬೇಡ. ಹೋದ ಭಾನುವಾರ ಚರ್ಚಿಗೆ ಹೊರಟಾಗ ನಮ್ಮವರ ಪಿಕಪ್‌ನಲ್ಲಿ ಕೂತೆ. ಪಕ್ಕದ ಸೀಟು ಮುಂದಕ್ಕೆ ಸರಿದಿತ್ತು. ನನ್ನ ಮೊಣಕಾಲು ಮುಂದಿನ ಹಲಗೆಗೆ ಬಡಿಯಿತು. ಆ ಸೀಟಿನಲ್ಲಿ ನನಗಿಂತ ಬಹಳ ಗಿಡ್ಡವರು ಯಾರೋ ಕೂತಿದ್ದಾರೆ, ಒಂದು ಸಲವಲ್ಲ. ನಾನು ಏನೂ ಹೇಳದೆ ಸೀಟನ್ನು ಹಿಂದಕ್ಕೆ ತಳ್ಳಿಕೊಂಡೆ.

*

ಎಂಟೆಬೆ
ಸೋಮವಾರ, ಜುಲೈ ೧೭

ಪ್ರೀತಿಯ ಪರ್ಪೆತುವಾ,

ಹಿಂದಿನ ಕಾಗದ ಓದಿ ಗಾಬರಿಯಾಗಿರುತ್ತೀಯ. ಇದು ಅದಕ್ಕಿಂತ ಮೊದಲೇ ತಲುಪಿದ್ದರೆ ಚೆನ್ನಾಗಿತ್ತು. ಹೇಗಿದ್ದೀಯ? ದ್ವೀಪದಲ್ಲಿ ಬಿರುಗಾಳಿ ಎಂದು ಕೇಳಿದೆ. ನಾಳೆಯ ದೋಣಿಯಲ್ಲಿ ಮರಳುವ ನಿಮ್ಮ ಅಡುಗೆಯವಳ ಕೈಯಲ್ಲಿ ಈ ಕಾಗದದ ಜೊತೆ ದೊಡ್ಡ ಕೇಕಿನ ಒಂದು ತುಂಡು ಕಳಿಸಿದ್ದೇನೆ. ಮದರ್‌ಗೂ ಕೊಡು, ವರಗಿಯ ವಿಷಯ ಹೇಳಬೇಡ.

ಮದುವೆ ಚೆನ್ನಾಗಿ ನಡೆಯಿತು. ಕೇಕುಗಳನ್ನು ಪಿಕಪ್‌ನ ಹಿಂದೆ ಬಾಳೆ ಎಲೆಯ ಮೇಲಿಟ್ಟು ಸಾಗಿಸಿದೆವು. ಹಂಪಿನ ಮೇಲೆ ಹಾರಿದಾಗಲೆಲ್ಲ ನನ್ನ ಜೀವವೂ ಹಾರಿತು, ಆದರೆ ಒಂದಕ್ಕೂ ಬಿರುಕು ಬೀಳಲಿಲ್ಲ. ಜ್ವರದ ಬದನೆಕಾಯಿಗಳನ್ನು ಹುಡುಗಿಯ ಕಡೆಯವರು “ಅಬ್ಬಾ, ಎಂಥ ಹೂವು!” ಎಂದು ಫೋಟೋ ತೆಗೆದುಕೊಂಡರು.

ಚಪ್ಪರದಲ್ಲಿ ನಾನು ಕಯೆಂಬ ಭಾವನ ಹೆಂಡತಿಯ ಪಕ್ಕ ಕೂರಲು ಹೋದೆ. ನಕಬುಗೊ ಓಡಿ ಬಂದಳು. “ಅಯ್ಯೋ ಅತ್ತಿಗೆ, ನೀವು ಕೇಕಿನ ಹತ್ರಾನೇ ಇರಿ. ಇನ್ಯಾರಿಗೂ ನೆಟ್ಟಗೆ ಕತ್ತರಿಸೋಕೆ ಬರಲ್ಲ.” ಕಡೆಯ ಗಳಿಗೆಯ ಬದಲಾವಣೆ, ಎಂದಿನ ಹಾಗೆ. ಹೊಸ ಗೋಮೆಸಿಯ ಮೇಲೆ ಏಪ್ರನ್ ಕಟ್ಟಿಕೊಂಡು ಚಾಕು ಹಿಡಿದು ನಿಂತೆ. ಕಾವಲಿಗೆ ನಿಂತ ಪೊಲೀಸಿನ ಹಾಗೆ ಕಾಣುತ್ತಿದ್ದೆನಂತೆ. ಕಯೆಂಬ ಭಾವ ಹೇಳಿದ್ದು, ಅವರು ವರ್ಷಕ್ಕೆ ಆಡುವುದೇ ಒಂದು ತಮಾಷೆ.

ಹೆಸರು ಕೂಗಲು ಶುರು ಮಾಡಿದರು. ನನ್ನ ಕಣ್ಣೆಲ್ಲ ಆ ಖಾಲಿ ಕೇಕಿನ ಮೇಲೆ. ಚಾಕುವನ್ನು ಏಪ್ರನ್ನಿಗೆ ಮತ್ತೆ ಮತ್ತೆ ಒರೆಸುತ್ತಿದ್ದೆ. ಮೂರೂ ಮನೆಯ ಕೇಕುಗಳನ್ನು ಕೊಟ್ಟಾಯಿತು. ಕಡೆಗೆ ಹೊಸ ಸೊಸೆ ನಾಲ್ಕನೆಯದನ್ನು ಎತ್ತಿಕೊಂಡಳು. ಅದು ಯಾರ ಕೈ ಸೇರುತ್ತದೋ ಎಂದು ನಾನು ನೋಡುತ್ತಿದ್ದರೆ, ಆ ಹುಡುಗಿ ನೇರ ನನ್ನ ಕಡೆಗೇ ನಡೆದು ಬಂದಳು. ನನ್ನೆದುರು ಮಂಡಿಯೂರಿದಳು. ನಕಬುಗೊ ಮೈಕಿನಲ್ಲಿ, “ಇದು ಕೇಕ್ ಮಾಡಿದ ಕೈಗೆ, ಅಮ್ಮನ ಉಡುಗೊರೆ” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ನೋಡಿದೆಯಾ? ನಾಲ್ಕನೆಯದು ಯಾವಳದೂ ಅಲ್ಲ, ನನ್ನದೇ. ವಾರವಿಡೀ ನಾನು ಹೆದರಿದ್ದು ನನ್ನ ಕೇಕಿಗೇ. ನಿನ್ನ ಪ್ರಾರ್ಥನೆಗೆ ದೇವರು ಉತ್ತರ ಕೊಟ್ಟ ರೀತಿಗೆ ನಗಬೇಕೋ ಏನೋ, ನೀನೇ ಹೇಳು.

ಬರುವ ಭಾನುವಾರ ಕಿಸಾಕ್ಯೆಯ ಶಾಲೆಯಲ್ಲಿ ಪೋಷಕರ ದಿನ. ನಿನ್ನನ್ನು ಕೇಳಿದಳು, ಪರೀಕ್ಷೆಗೆ ಆಶೀರ್ವಾದ ಕಳಿಸು. ನೀನು ಚಳಿಗೆ ಉಣ್ಣೆಯ ಕಾಲುಚೀಲ ಹಾಕಿಕೋ. ದೇವರು ನಿನ್ನನ್ನೂ ನಿನ್ನ ದ್ವೀಪವನ್ನೂ ತಣ್ಣಗೆ ಇಟ್ಟಿರಲಿ.

ನಿನ್ನ
ರೆಸ್ಟಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಬಿಚ್ಚಿದೆ. ಮೂರೂ ಮನೆಯ ಕೇಕುಗಳನ್ನು ಕೊಟ್ಟಾಯಿತು ಎಂದು ಬರೆದೆನಲ್ಲ, ಯಾರಿಗೆ ಎಂದು ಬರೆಯಲಿಲ್ಲ.

ಮೊದಲು ಮಾವನ ಹೆಸರು, ಅತ್ತೆ ಎದ್ದರು. ಆಮೇಲೆ ಕಯೆಂಬ ಭಾವನ ಹೆಸರು, ಅವರ ಹೆಂಡತಿ ಎದ್ದಳು. ನಕಬುಗೊ “ಸೆಬೋವನ ಮನೆ” ಎಂದಾಗ ನಾನು ಬೆನ್ನ ಹಿಂದೆ ಏಪ್ರನ್ನಿನ ಗಂಟು ಬಿಚ್ಚುತ್ತಿದ್ದೆ. ಬಿಚ್ಚುವಷ್ಟರಲ್ಲಿ ಮೂರನೆಯ ಸಾಲಿನಿಂದ ಒಬ್ಬಳು ಎದ್ದಳು. ಹಸಿರು ಗೋಮೆಸಿ, ಸೊಂಟದಲ್ಲಿ ಮಗು. ನನ್ನ ಭುಜದಷ್ಟೂ ಎತ್ತರವಿಲ್ಲ. ಹೊಸ ಸೊಸೆ ಅವಳೆದುರು ಮಂಡಿಯೂರಿ ಕೇಕ್ ಕೊಟ್ಟಳು. ಯಾರೂ ಬೆಚ್ಚಲಿಲ್ಲ, ಪರ್ಪೆತುವಾ. ಒಬ್ಬರೂ ತಿರುಗಿ ನನ್ನತ್ತ ನೋಡಲಿಲ್ಲ. ಎಲ್ಲರಿಗೂ ಗೊತ್ತಿತ್ತು. ನಮ್ಮವರು ಚಪ್ಪರದ ಕಂಬವನ್ನು ನೋಡುತ್ತಿದ್ದರು. ಗಂಡಸರ ಹೆಸರು ಯಾಕೆ ಬರೆಸಿದರೆಂದು ಆಗ ತಿಳಿಯಿತು. ನಾನು ನಕ್ಕ ಬದಲಾವಣೆ ಅದು.

ನಾನು ಗಂಟನ್ನು ಮತ್ತೆ ಕಟ್ಟಿಕೊಂಡೆ. ಕೇಕ್ ಕತ್ತರಿಸಿದೆ. ನೆಟ್ಟಗೇ ಕತ್ತರಿಸಿದೆ.

ಹೊರಡುವಾಗ ಅತ್ತೆ ನನ್ನ ಕೈ ಹಿಡಿದರು. “ಮಗನನ್ನ ತಡೆಯೋಕೆ ನನ್ನ ಕೈಲಿ ಆಗ್ಲಿಲ್ಲ. ನೀನು ಬರಿಗೈಲಿ ಹೋಗಬಾರದು ಅಂತ ಅದೊಂದು ಮಾಡಿಸ್ದೆ. ಚೆನ್ನಾಗಿ ಮಾಡಿದ್ಯಾ ಮಗಳೇ, ಹೇಳಿದ ಹಾಗೆ?” ಎಂದರು. ಮಾಡಿದೆ ಅತ್ತೆ ಎಂದೆ.

ಹಣ್ಣೆಲ್ಲ ತುಂಬಿದ ಕೇಕು ಅವಳ ಮನೆಯಲ್ಲಿದೆ, ಮಸಾಕದಲ್ಲಿ. ನಮ್ಮವರೂ ಅಲ್ಲೇ ಇದ್ದಾರೆ, ಮದುವೆಯ ಮಾರನೆಯ ದಿನದಿಂದ, ಕಾಫಿ ಎಂದರು. ತಳ ಸೀದದ್ದು ನನ್ನ ಮೇಜಿನ ಮೇಲಿದೆ.

ಭಾನುವಾರ ಇದನ್ನೇ ಒಯ್ಯಬೇಕು. ಕಿಸಾಕ್ಯೆಯ ಅಭ್ಯಾಸ ನಿನಗೆ ಗೊತ್ತು; ಮೇಲಿನ ಹೆಸರನ್ನು ಗೆಳತಿಯರಿಗೆಲ್ಲ ಓದಿ ಹೇಳಿದ ಮೇಲೆಯೇ ಚಾಕು ಮುಟ್ಟುವುದು. ಐಸಿಂಗ್ ಚೀಲ ತುಂಬಿಟ್ಟು ಬೆಳಗಿನಿಂದ ಇದರ ಮುಂದೆ ಕೂತಿದ್ದೇನೆ. ಜಾಗ ಖಾಲಿ ಇದೆ. ಏನು ಬರೆಯಲಿ, ಹೇಳು. ಶುಕ್ರವಾರದ ದೋಣಿಗೆ ಉತ್ತರ ಕಳಿಸು.